ಹೆಂಚು ಹೋಯಿತು, ಹೊಗೆ ಉಳಿಯಿತು

ಮೂಡಿಗೆರೆ ಕಡೆಯ ನಮಗೆ ಗಾಳಿಯ ವಿಷಯದಲ್ಲಿ ಒಂದು ಸಣ್ಣ ಜಂಬವಿದೆ. ಶನಿವಾರ ಬಂತೆಂದರೆ ಬೆಂಗಳೂರಿನ ಕಾರುಗಳು ಸಾಲುಗಟ್ಟಿ ಕೊಟ್ಟಿಗೆಹಾರದ ದಾರಿ ಹಿಡಿಯುತ್ತವೆ. ಹೋಂಸ್ಟೇಯ ಅಂಗಳದಲ್ಲಿ ನಿಂತು ಅವರು ಮೂಗಿನ ತುಂಬ ಉಸಿರೆಳೆದುಕೊಂಡು ಹೊಗಳುವಾಗ, ಆ ಗಾಳಿಯನ್ನು ನಾವೇ ಬೀಸಿ ಕೊಟ್ಟವರಂತೆ ಬೀಗುತ್ತೇವೆ. ಅಂಥ ಊರಿನಲ್ಲಿ, ಮೂರು ಕಡೆ ಕಾಫಿ ತೋಟವಿರುವ ಮನೆಯಲ್ಲಿ, ನನ್ನ ಮಗಳು ನಾಲ್ಕನೆಯ ತರಗತಿಯ ಮಳೆಗಾಲವನ್ನೂ ಐದನೆಯ ತರಗತಿಯ ಮಳೆಗಾಲವನ್ನೂ ಕೆಮ್ಮುತ್ತಲೇ ಕಳೆದಳು. ನಾನು ಮೊದಲು ಮಳೆಯನ್ನು ಬೈದೆ, ಆಮೇಲೆ ಐಸ್‌ಕ್ರೀಮನ್ನು, ಅದಾದ ಮೇಲೆ ಶಾಲೆಯ ವ್ಯಾನಿನ ಮುಚ್ಚಲು ಬಾರದ ಕಿಟಕಿಯನ್ನು. ಮನೆಯೊಳಗಿನ ಗಾಳಿಯ ಮೇಲೆ ನನಗೆ ಅನುಮಾನವೇ ಬರಲಿಲ್ಲ. ಅದಕ್ಕೆ ಒಂದು ಕಾರಣವೂ ಇತ್ತು: ಮನೆ ಕಟ್ಟಿಸುವುದೇ ನನ್ನ ಕಸುಬು, ಮತ್ತು ಆ ಮನೆಯನ್ನು ಕಟ್ಟಿದವನು ನಾನೇ.

ಹಗಲಿನಲ್ಲಿ ಅವಳಿಗೆ ಏನೂ ಇರುತ್ತಿರಲಿಲ್ಲ. ಬೆಳಗಿನ ಜಾವ ಎರಡು, ಮೂರು ಗಂಟೆಯ ಹೊತ್ತಿಗೆ ಒಣ ಕೆಮ್ಮು ಶುರುವಾಗುತ್ತಿತ್ತು. ಕೆಮ್ಮಿ ಕೆಮ್ಮಿ ಎದ್ದು ಕೂರುತ್ತಿದ್ದಳು, ದಿಂಬನ್ನು ಮಡಿಲಲ್ಲಿಟ್ಟುಕೊಂಡು ಮುಂದಕ್ಕೆ ಬಾಗುತ್ತಿದ್ದಳು, ಆಗ ಎದೆಯಲ್ಲಿ ಹಳೆಯ ಬಾಗಿಲಿನ ಕೀಲು ಕಿರುಗುಟ್ಟಿದಂಥ ಸಣ್ಣ ಸದ್ದು ಕೇಳುತ್ತಿತ್ತು. ಬೆಳಿಗ್ಗೆ ಏಳುವಾಗ ಮುಖ ಬಾಡಿರುತ್ತಿತ್ತು. ತರಗತಿಯಲ್ಲಿ ತೂಕಡಿಸುತ್ತಾಳೆ, ಗಮನ ಸಾಲದು ಎಂದು ಶಾಲೆಯಿಂದ ದೂರು ಬಂದಾಗ ನಾವು ಟಿ.ವಿ.ಯ ಸಮಯವನ್ನು ಕಡಿಮೆ ಮಾಡಿದೆವು. ರಾತ್ರಿಯ ನಿದ್ದೆ ಹಾಳಾದ ಮಗು ಹಗಲು ತೂಕಡಿಸದೆ ಇನ್ನೇನು ಮಾಡೀತು ಎಂಬ ಸಾದಾ ಲೆಕ್ಕ ನಮಗೆ ಹೊಳೆಯಲಿಲ್ಲ.

ಕೊನೆಗೆ ಚಿಕ್ಕಮಗಳೂರಿನಲ್ಲಿ ಮಕ್ಕಳ ವೈದ್ಯರೊಬ್ಬರಿಗೆ ತೋರಿಸಿದೆವು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಊದಿಸಿ ನೋಡಿ, ಇದು ಅಸ್ತಮಾ ಎಂದರು. ಔಷಧಿಯ ಚೀಟಿ ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿದರು: "ಮನೆಯಲ್ಲಿ ಏನೇನು ಹೊತ್ತಿಸುತ್ತೀರಿ?" ಅಡುಗೆಗೆ ಗ್ಯಾಸ್ ಇದೆ ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ. ಅವರು ಪೆನ್ನು ಹಿಡಿದುಕೊಂಡು ಸುಮ್ಮನೆ ಕಾದರು. ನನ್ನ ಹೆಂಡತಿ ಬೆರಳು ಮಡಚತೊಡಗಿದಳು. ಬೆಳಗಿನ ಪೂಜೆಗೆ ಊದುಬತ್ತಿ, ಸಂಜೆಗೆ ಅಮ್ಮ ಹಾಕುವ ಸಾಂಬ್ರಾಣಿ ಧೂಪ, ಮಲಗುವಾಗ ಸೊಳ್ಳೆಬತ್ತಿ, ಸ್ನಾನಕ್ಕೆ ಬಚ್ಚಲೊಲೆಯ ಹಂಡೆ, ಪುಷ್ಯ ಮಳೆ ಹಿಡಿದಾಗ ಯೂನಿಫಾರ್ಮ್ ಒಣಗಿಸಲು ಕಬ್ಬಿಣದ ಬಾಣಲೆಯಲ್ಲಿ ಕೆಂಡ. ಒಂದು ಕೈ ಮುಗಿಯಿತು. ವೈದ್ಯರು ಎರಡನೆಯ ಪ್ರಶ್ನೆ ಕೇಳಿದರು: "ಮಗು ಮಲಗುವ ಕೋಣೆಯಲ್ಲಿ ಯಾವ ಗೋಡೆ ಒದ್ದೆ ಇದೆ?" ನಾನು ಕಟ್ಟಿದ ಮನೆಯಲ್ಲಿ ಒದ್ದೆ ಗೋಡೆಯೇ ಇಲ್ಲ ಎಂದೆ.

ಮನೆಗೆ ಬಂದವನೇ ಅವಳ ಕೋಣೆಯ ವಾರ್ಡ್‌ರೋಬನ್ನು ಇಬ್ಬರು ಹುಡುಗರ ಸಹಾಯದಿಂದ ಮುಂದಕ್ಕೆ ಎಳೆಸಿದೆ. ವೈದ್ಯರ ಮಾತನ್ನು ಸುಳ್ಳು ಮಾಡುವ ಹಟವೇ ಹೆಚ್ಚಾಗಿತ್ತು. ಅದು ಪಡುವಣ ಗೋಡೆಗೆ ಅಂಟಿಕೊಂಡೇ ನಿಂತಿತ್ತು. ಹಿಂದಿನ ಗೋಡೆಯಲ್ಲಿ ನೆಲದಿಂದ ನನ್ನ ಎದೆಯ ಮಟ್ಟದವರೆಗೆ ಕಪ್ಪು ಬೂಷ್ಟು ಹಬ್ಬಿತ್ತು. ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ, ನಡುವೆ ಮಸಿಯಂತೆ ಒತ್ತಾಗಿ, ಮೂಲೆಯಲ್ಲಿ ಬೂದು ಹಸಿರಿನ ನಯವಾದ ರೋಮದಂತೆ. ಬಣ್ಣದ ಕೆಳಗೆ ನಯಕ್ಕೆ ಬಳಿದ ಪುಟ್ಟಿ ಹಪ್ಪಳದಂತೆ ಎದ್ದಿತ್ತು, ಬೆರಳು ತಾಗಿಸಿದರೆ ಉದುರುತ್ತಿತ್ತು. ವಾರ್ಡ್‌ರೋಬಿನ ಹಿಂಬದಿಯ ಪ್ಲೈವುಡ್ಡಿಗೂ ಅದೇ ಬೂಷ್ಟು ಹತ್ತಿತ್ತು. ಆ ಹಲಗೆಯ ಈಚೆ ಬದಿಯಲ್ಲಿ ಅವಳ ಸ್ವೆಟರುಗಳಿದ್ದವು. ಅವಳ ದಿಂಬು ಅಲ್ಲಿಂದ ಎರಡು ಮೊಳ ದೂರ.

ಇದು ಹೇಗಾಯಿತು ಎಂಬುದನ್ನು ಕಸುಬಿನವನಾಗಿ ವಿವರಿಸಬೇಕು. ನಮ್ಮಲ್ಲಿ ಮುಂಗಾರು ಪಡುವಣದಿಂದ ಗಾಳಿಯೊಂದಿಗೆ ಓರೆಯಾಗಿ ಹೊಡೆಯುತ್ತದೆ. ಹಳೆಯ ಹೆಂಚಿನ ಮನೆಗಳ ಸೂರು ಗೋಡೆಯಿಂದ ಮೂರು, ನಾಲ್ಕು ಅಡಿ ಮುಂದಕ್ಕೆ ಚಾಚಿ ಗೋಡೆಗೆ ಕೊಡೆ ಹಿಡಿಯುತ್ತಿತ್ತು. ನಾನು ಹಾಕಿದ ಸಜ್ಜಾ ಒಂದೂವರೆ ಅಡಿಯದು, ಅದೂ ಕಿಟಕಿಯ ಮೇಲೆ ಮಾತ್ರ. ಬೀಮು ಮತ್ತು ಇಟ್ಟಿಗೆ ಕೂಡುವಲ್ಲಿ ಗಿಲಾವಿಗೆ ಕೂದಲೆಳೆಯಂಥ ಬಿರುಕು ಬರುವುದು ಸಾಮಾನ್ಯ. ಆ ಎಳೆಯಿಂದ ನೀರು ಜಿನುಗಿ ಗೋಡೆ ತಣ್ಣಗಾಗುತ್ತದೆ. ಒಳಗಿನ ಬೆಚ್ಚನೆಯ ಹಸಿ ಗಾಳಿ ಆ ತಣ್ಣನೆಯ ಗೋಡೆಗೆ ತಾಗಿ ಬೆವರಾಗಿ ಕೂರುತ್ತದೆ. ವಾರ್ಡ್‌ರೋಬಿನ ಹಿಂದೆ ಗಾಳಿಯಾಡದ ಕಾರಣ ಆ ಬೆವರು ಆರುವುದೇ ಇಲ್ಲ. ಒಳಗೆ ಅಷ್ಟು ಹಸಿ ಎಲ್ಲಿಂದ ಬಂತು ಎಂದರೆ, ನಮ್ಮಿಂದಲೇ. ಮಲಗಿದ ಒಬ್ಬ ಮನುಷ್ಯ ಒಂದು ರಾತ್ರಿಯಲ್ಲಿ ಉಸಿರು ಮತ್ತು ಬೆವರಿನ ಮೂಲಕ ಸುಮಾರು ಕಾಲು ಲೀಟರ್ ನೀರನ್ನು ಗಾಳಿಗೆ ಬಿಡುತ್ತಾನೆ. ಒಂದು ಕಿಲೋ ಅಡುಗೆ ಅನಿಲ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ ಹುಟ್ಟುತ್ತದೆ, 14.2 ಕಿಲೋದ ಒಂದು ಸಿಲಿಂಡರ್ ಮುಗಿಯುವ ಹೊತ್ತಿಗೆ 20 ಲೀಟರಿಗೂ ಮಿಕ್ಕಿ ನೀರು ಅಡುಗೆಮನೆಯ ಗಾಳಿ ಸೇರಿರುತ್ತದೆ. ಅದರ ಮೇಲೆ ಕೋಣೆಯಲ್ಲೇ ಹಗ್ಗ ಕಟ್ಟಿ ಒಣಹಾಕಿದ ಬಟ್ಟೆ.

ಇನ್ನೊಂದು ತಪ್ಪು ಕಿಟಕಿಯದು. ರಾಷ್ಟ್ರೀಯ ಕಟ್ಟಡ ಸಂಹಿತೆ ಸೆಕೆಯೂ ತೇವವೂ ಕೂಡಿದ ಹವೆಯ ಪ್ರದೇಶಗಳಿಗೆ, ಬಾಗಿಲನ್ನು ಬಿಟ್ಟು, ಕೋಣೆಯ ನೆಲದ ಆರನೆಯ ಒಂದು ಭಾಗದಷ್ಟು ಗಾಳಿ-ಬೆಳಕಿನ ತೆರಪು ಇರಬೇಕೆಂದು ಹೇಳುತ್ತದೆ. ಹತ್ತಡಿಗೆ ಹತ್ತಡಿಯ ಕೋಣೆಗೆ ಇದು ಹದಿನಾರೂ ಮುಕ್ಕಾಲು ಚದರಡಿಯ ಹತ್ತಿರ ಬರುತ್ತದೆ. ನಾಲ್ಕಡಿಗೆ ನಾಲ್ಕಡಿಯ ಕಿಟಕಿ ಇಟ್ಟು ಲೆಕ್ಕ ಹೆಚ್ಚುಕಡಿಮೆ ಸರಿಹೋಯಿತು ಎಂದುಕೊಂಡಿದ್ದೆ. ಆದರೆ ಅದು ಪಕ್ಕಕ್ಕೆ ಜಾರುವ ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ ಕಿಟಕಿ. ಪೂರ್ತಿ ಸರಿಸಿದರೂ ಅರ್ಧವೇ ತೆರೆಯುವುದು, ಎಂಟೇ ಚದರಡಿ. ಜೂನ್ ಬಂತೆಂದರೆ ಆ ಎಂಟೂ ಇಲ್ಲ. ಕಿಟಕಿಯ ನೆತ್ತಿಯ ಅಡ್ಡ ತೊಲೆಯಾದ ಲಿಂಟಲ್ಲಿನ ಮೇಲೆ ಹಿಂದೆಲ್ಲ ಬಿಡುತ್ತಿದ್ದ ವೆಂಟಿಲೇಟರನ್ನು ನಾನು ಬಿಟ್ಟೇ ಇರಲಿಲ್ಲ, ಏಕೆಂದರೆ ಈಚೆಗೆ ಯಾರೂ ಕೇಳುವುದಿಲ್ಲ. ಹಲ್ಲಿ ಬರುತ್ತದೆ, ಧೂಳು ಬರುತ್ತದೆ, ನೋಟ ಕೆಡುತ್ತದೆ ಎನ್ನುತ್ತಾರೆ.

ನಾನು ಹುಟ್ಟಿದ ಹೆಂಚಿನ ಮನೆಯಲ್ಲಿ ಅಡುಗೆಮನೆಗೆ ಮುಚ್ಚಿಗೆಯೇ ಇರಲಿಲ್ಲ. ಬೆಳಿಗ್ಗೆ ದೂರದಿಂದ ನೋಡಿದರೆ ಮಾಡು ಪೂರ್ತಿ ಹೊಗೆಯಾಡುತ್ತಿತ್ತು. ಹೆಂಚು ಹೆಂಚಿನ ಸಂದಿಯಿಂದ ಮನೆಯೇ ಉಸಿರು ಬಿಡುತ್ತಿತ್ತು. ನಾವು ಆ ಹೆಂಚನ್ನು ಇಳಿಸಿ ಆರ್‌ಸಿಸಿ ತಾರಸಿ ಹಾಕಿದೆವು, ಸಂದಿಗಳಿಗೆಲ್ಲ ಸಿಲಿಕೋನ್ ತುಂಬಿದೆವು, ಆದರೆ ಧೂಪ, ಬತ್ತಿ, ಕೆಂಡ, ಬಚ್ಚಲೊಲೆ ಯಾವುದನ್ನೂ ಬಿಡಲಿಲ್ಲ. ಹೆಂಚಿನ ಮನೆಯ ಅಭ್ಯಾಸಗಳನ್ನು ಕಾಂಕ್ರೀಟಿನ ಡಬ್ಬಿಯೊಳಗೆ ಮುಂದುವರಿಸಿದೆವು.

ಇಲ್ಲಿ ನಾನು ಒಂದು ಎಡವಟ್ಟು ತೀರ್ಮಾನಕ್ಕೂ ಹೋಗಿದ್ದೆ. ಬೇಸಿಗೆ ರಜೆಯಲ್ಲಿ ಕಳಸದ ಅಜ್ಜಿ ಮನೆಗೆ ಹೋದಾಗ ಮಗಳು ಒಂದು ದಿನವೂ ಕೆಮ್ಮುತ್ತಿರಲಿಲ್ಲ, ಅಲ್ಲಿ ಇಂದಿಗೂ ಸೌದೆ ಒಲೆಯೇ. ಹಾಗಾದರೆ ಹೊಗೆಯದು ದೋಷವಲ್ಲ, ಹೆಂಚೇ ಎಲ್ಲಕ್ಕೂ ಮದ್ದು ಎಂದು ವೈದ್ಯರ ಮುಂದೆ ವಾದಿಸಿದೆ. ಅವರು ನಕ್ಕು, "ಅದು ಏಪ್ರಿಲ್, ಸ್ವಾಮಿ" ಎಂದರು. ಒಣ ಹವೆ, ದಿನವಿಡೀ ಅಂಗಳದಲ್ಲಿ ಆಟ, ರಾತ್ರಿ ಜಗಲಿಯಲ್ಲಿ ಹಾಸಿಗೆ, ಒಲೆ ಮನೆಯ ಇನ್ನೊಂದು ತುದಿಯಲ್ಲಿ. ಮಗುವಿನ ಮೂಗಿಗೆ ಆ ಹೊಗೆ ತಲುಪುತ್ತಲೇ ಇರಲಿಲ್ಲ. ಒಲೆಯ ಮುಂದೆ ಕೂರುತ್ತಿದ್ದ ಅಜ್ಜಿಗೆ ತಲುಪುತ್ತಿತ್ತು, ಅವರಿಗೆ ಬೆಳಗಿನ ಕೆಮ್ಮು ಇತ್ತು; ಅದನ್ನು ಎಲ್ಲರೂ ವಯಸ್ಸಿನ ಕೆಮ್ಮು ಎನ್ನುತ್ತಿದ್ದರು.

ಮಕ್ಕಳ ಶ್ವಾಸಕೋಶ ದೊಡ್ಡವರದರ ಚಿಕ್ಕ ಅಳತೆಯಲ್ಲ, ಇನ್ನೂ ಕಟ್ಟುತ್ತಿರುವ ಮನೆ. ಅದು ಹದಿಹರೆಯ ಮುಗಿಯುವವರೆಗೂ ಬೆಳೆಯುತ್ತದೆ. ನಾವು ಆರಾಮವಾಗಿ ಕುಳಿತಾಗ ನಿಮಿಷಕ್ಕೆ ಹದಿನೈದು ಸಲ ಉಸಿರಾಡಿದರೆ ಹತ್ತು ವರ್ಷದ ಮಗು ಇಪ್ಪತ್ತರ ಹತ್ತಿರ ಉಸಿರಾಡುತ್ತದೆ, ಮೈತೂಕಕ್ಕೆ ಹೋಲಿಸಿದರೆ ನಮಗಿಂತ ಹೆಚ್ಚು ಗಾಳಿಯನ್ನು ಎಳೆದುಕೊಳ್ಳುತ್ತದೆ. ಹೊಗೆಯಲ್ಲಿ ಕೆಟ್ಟದ್ದು ಕಣ್ಣಿಗೆ ಕಾಣುವ ಮಸಿಯಲ್ಲ. ಕೂದಲಿನ ದಪ್ಪದ ಮೂವತ್ತನೆಯ ಒಂದು ಭಾಗದಷ್ಟು ಸಣ್ಣ ಕಣ. ಪಿಎಂ 2.5 ಎಂದು ಕರೆಯುವ ಈ ಕಣ ಮೂಗಿನ ಕೂದಲಿಗೂ ಗಂಟಲಿನ ಲೋಳೆಗೂ ಸಿಗದೆ ಶ್ವಾಸಕೋಶದ ತಳದವರೆಗೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದರ ದಿನದ ಮಿತಿಯನ್ನು ಘನ ಮೀಟರಿಗೆ 15 ಮೈಕ್ರೋಗ್ರಾಂಗೆ ಇಳಿಸಿತು. ನಮ್ಮ ದೇಶದ ಮಾನದಂಡ 60. ಎರಡೂ ಇಪ್ಪತ್ತನಾಲ್ಕು ಗಂಟೆಯ ಸರಾಸರಿ.

ಗೆಳೆಯರೊಬ್ಬರಿಂದ ಈ ಕಣವನ್ನು ಅಳೆಯುವ ಅಂಗೈಯಗಲದ ಒಂದು ಮಾಪಕವನ್ನು ಎರವಲು ತಂದು ಮಗಳ ಮೇಜಿನ ಮೇಲಿಟ್ಟೆ. ಅಂಥ ಅಗ್ಗದ ಉಪಕರಣದ ಅಂಕಿಯನ್ನು ಕರಾರುವಾಕ್ಕು ಎಂದು ನಂಬಬಾರದು, ವಿಶೇಷವಾಗಿ ನಮ್ಮ ಮಳೆಗಾಲದ ತೇವದಲ್ಲಿ; ಆದರೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ತಿಳಿಯುತ್ತದೆ. ಸಂಜೆ ಆರೂವರೆಗೆ ಅಮ್ಮ ಧೂಪದ ಬಟ್ಟಲು ಹಿಡಿದು ಕೋಣೆಯಿಂದ ಕೋಣೆಗೆ ನಡೆದರು. ಎರಡಂಕಿಯಲ್ಲಿದ್ದ ಸಂಖ್ಯೆ ಅವರು ಬಾಗಿಲು ದಾಟುವ ಮೊದಲೇ ಮೂರಂಕಿಗೆ ಹಾರಿತು. ಪರಿಮಳ ಅರ್ಧ ಗಂಟೆಯಲ್ಲಿ ತಿಳಿಯಾಯಿತು, ಅಂಕಿ ಮಾತ್ರ ಊಟದ ಹೊತ್ತಿಗೂ ಪೂರ್ತಿ ಇಳಿದಿರಲಿಲ್ಲ. ಒಂಬತ್ತಕ್ಕೆ ಸೊಳ್ಳೆಬತ್ತಿ ಹೊತ್ತಿಸಿ ಬಾಗಿಲು ಮುಚ್ಚಿದಾಗ ಮತ್ತೆ ಏರಿತು, ಬತ್ತಿ ಉರಿದಷ್ಟು ಹೊತ್ತೂ ಅಲ್ಲೇ ನಿಂತಿತು. ಒಂದು ಸೊಳ್ಳೆಬತ್ತಿ ಪೂರ್ತಿ ಉರಿದಾಗ ಹೊರಬರುವ ಸೂಕ್ಷ್ಮ ಕಣ 75ರಿಂದ 137 ಸಿಗರೇಟಿನಿಂದ ಬರುವಷ್ಟಿರುತ್ತದೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ನಮ್ಮ ಮನೆಯಲ್ಲಿ ಯಾರೂ ಬೀಡಿ, ಸಿಗರೇಟು ಮುಟ್ಟುವುದಿಲ್ಲ ಎಂದು ವೈದ್ಯರಿಗೆ ನಾನು ಬರೆಸಿ ಬಂದಿದ್ದೆ.

ಬತ್ತಿಯನ್ನು ಬಿಡುವುದು ಸುಲಭವಾಯಿತು. ಸೊಳ್ಳೆಯನ್ನು ಸುಮ್ಮನೆ ಬಿಡುವಂತಿಲ್ಲ, ಡೆಂಗಿಯ ಕಾಟ ನಮಗೂ ಹೊಸದಲ್ಲ. ಆದರೆ ಡೆಂಗಿ ಹರಡುವ ಸೊಳ್ಳೆ ಹೆಚ್ಚಾಗಿ ಕಚ್ಚುವುದು ಹಗಲಿನಲ್ಲಿ, ರಾತ್ರಿ ಉರಿಯುವ ಬತ್ತಿಯಿಂದ ಅದಕ್ಕೆ ಆಗುವುದು ಅಷ್ಟಕ್ಕಷ್ಟೇ. ಕಿಟಕಿಗೆ ಜಾಲರಿ ಹಾಕಿಸಿ, ಮಂಚಕ್ಕೆ ಸೊಳ್ಳೆಪರದೆ ಕಟ್ಟಿದೆವು. ಧೂಪದ ಮಾತು ಬೇರೆ. "ಇದೇ ಹೊಗೆಯಲ್ಲಿ ನಿನ್ನನ್ನು ಸಾಕಿದ್ದು ಕಣೋ, ನಿನಗೇನಾಗಿದೆ?" ಎಂದು ಅಮ್ಮ ಕೇಳಿದರು. ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು, ಆದರೆ ಆಡುವ ಧೈರ್ಯ ಇರಲಿಲ್ಲ. ಪ್ರತಿ ಮಳೆಗಾಲದಲ್ಲಿ ನನ್ನ ತಮ್ಮನನ್ನು ಸೊಂಟಕ್ಕೆ ಕಟ್ಟಿಕೊಂಡು ಅವರು ಆಸ್ಪತ್ರೆಗೆ ನಡೆದದ್ದು ನನಗೆ ನೆನಪಿದೆ. ದಾರಿ ತೋರಿಸಿದವಳು ನನ್ನ ಹೆಂಡತಿ. "ಅತ್ತೆ, ಧೂಪವನ್ನು ತುಳಸಿಕಟ್ಟೆಗೂ ಹೊಸ್ತಿಲಿಗೂ ಹೊರಗಡೆಯಿಂದಲೇ ತೋರಿಸಿಬಿಡಿ, ದೇವರ ಮುಂದೆ ತುಪ್ಪದ ದೀಪ ಇರಲಿ" ಎಂದಳು. ಅಮ್ಮ ಮೂರು ದಿನ ಮುನಿಸಿಕೊಂಡಿದ್ದು, ನಾಲ್ಕನೆಯ ದಿನದಿಂದ ಬಟ್ಟಲನ್ನು ಜಗಲಿಗೆ ಒಯ್ದರು. ಹಬ್ಬದ ದಿನ ಮಾತ್ರ ಒಳಗೆ ಬರುತ್ತದೆ. ಅಂದು ಕಿಟಕಿ ತೆರೆದಿರುತ್ತೇವೆ.

ಕೆಂಡದ ವಿಷಯದಲ್ಲಿ ಇಂಥ ರಾಜಿ ಕೂಡದು. ಬಟ್ಟೆ ಒಣಗಲಿ, ಕೋಣೆ ಬೆಚ್ಚಗಾಗಲಿ ಎಂದು ಹೊಗೆಯಿಲ್ಲದ ಕೆಂಡವನ್ನು ಮಲಗುವ ಕೋಣೆಯಲ್ಲಿ ಇಟ್ಟುಕೊಳ್ಳುವ ರೂಢಿ ನಮ್ಮ ಕಡೆ ಇನ್ನೂ ಇದೆ. ಹೊಗೆ ಇಲ್ಲ ಎಂಬುದೇ ಮೋಸ. ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು ಬಂದರೆ ಥಂಡಿ ಎಂದುಕೊಂಡು ಇನ್ನಷ್ಟು ಹೊದ್ದು ಮಲಗುತ್ತೇವೆ, ಮಲಗಿದವರು ಏಳದೆ ಹೋಗಬಹುದು. ಬಚ್ಚಲುಮನೆಯೊಳಗೆ ಗ್ಯಾಸ್ ಗೀಸರ್ ಇಟ್ಟು ಕಿಂಡಿ ಮುಚ್ಚಿಕೊಳ್ಳುವವರಿಗೂ ಇದೇ ಅಪಾಯ. ಗಿರಾಕಿ ಎಷ್ಟು ಹಟ ಹಿಡಿದರೂ ಗ್ಯಾಸ್ ಗೀಸರನ್ನು ನಾನು ಹೊರಗಿನ ಗೋಡೆಗೇ ಹಾಕಿಸುತ್ತೇನೆ.

ಬೂಷ್ಟಿನ ಕಾಟ ಇವೆಲ್ಲಕ್ಕಿಂತ ಹೆಚ್ಚು ದಿನ ಹಿಡಿಯಿತು. ಕಿಟಕಿ ತೆರೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ಹೊಗೆಗೆ ಅದು ಸರಿಯಾದ ಮಾತು. ಆದರೆ ಆಶ್ಲೇಷ ಮಳೆಯಲ್ಲಿ ಹೊರಗಿನ ಗಾಳಿಯೇ ನೆನೆದ ಕಂಬಳಿಯಂತಿರುವಾಗ ಕಿಟಕಿ ತೆರೆದರೆ ಗೋಡೆ ಒಣಗುವುದಿಲ್ಲ. ತೇವ ಮಾಪಕ ಜುಲೈಯಲ್ಲಿ 90 ಶೇಕಡದ ಕೆಳಗೆ ಇಳಿದದ್ದೇ ಅಪರೂಪ. ಹಾಸಿಗೆಯ ಧೂಳಿನಲ್ಲಿ ಬದುಕುವ, ಅಸ್ತಮಾವನ್ನು ಕೆರಳಿಸುವ ಸೂಕ್ಷ್ಮ ನುಸಿಗೆ ಗಾಳಿಯ ತೇವ 50 ಶೇಕಡದ ಮೇಲಿದ್ದರೆ ಹಬ್ಬ. ಆದ್ದರಿಂದ ಮೊದಲು ನೀರು ಬರುವ ದಾರಿಯನ್ನೇ ಹಿಡಿಯಬೇಕಾಯಿತು. ಮಳೆ ಬಿಟ್ಟ ಮೇಲೆ ಹೊರಗೋಡೆಯ ಬಿರುಕನ್ನು ಬಿಡಿಸಿ ತುಂಬಿಸಿದೆ, ಪಡುವಣ ಗೋಡೆಯುದ್ದಕ್ಕೂ ನಾಲ್ಕಡಿ ಚಾಚಿದ ಶೀಟಿನ ಮಾಡು ಇಳಿಸಿದೆ, ಒಳಗಿನ ಪುಟ್ಟಿಯನ್ನು ಗಿಲಾವಿನವರೆಗೆ ಕೆರೆಸಿ, ಸೋಪಿನ ನೀರಿನಲ್ಲಿ ತಿಕ್ಕಿಸಿ, ಡಿಸೆಂಬರಿನ ಬಿಸಿಲಿಗೆ ಗೋಡೆ ಪೂರ್ತಿ ಒಣಗಿದ ಮೇಲಷ್ಟೇ ಬಣ್ಣ ಹೊಡೆಸಿದೆ. ಕೆರೆಯುವಷ್ಟು ದಿನವೂ ಮಗಳನ್ನು ಆ ಕಡೆ ಬಿಡಲಿಲ್ಲ, ಏಕೆಂದರೆ ಕೆರೆದಾಗಲೇ ಬೂಷ್ಟಿನ ಪುಡಿ ಗಾಳಿಗೆ ಏಳುವುದು. ಒಂದು ತಪ್ಪೊಪ್ಪಿಗೆಯನ್ನೂ ಇಲ್ಲಿ ಹೇಳಿಬಿಡುತ್ತೇನೆ: ಗೃಹಪ್ರವೇಶಕ್ಕೆ ಹೊತ್ತಾಯಿತೆಂದು ಹಸಿ ಗೋಡೆಗಳ ಮೇಲೆ ಬೂಷ್ಟು ತಡೆಯುವ ಪೇಂಟು ಬಳಿಸಿ ಬೀಗದ ಕೈ ಕೊಟ್ಟು ಬಂದದ್ದುಂಟು. ಒಳಗೆ ಒದ್ದೆ ಇರುವವರೆಗೆ ಯಾವ ಪೇಂಟೂ ಒಂದು ಮಳೆಗಾಲಕ್ಕಿಂತ ಹೆಚ್ಚು ಬಾಳುವುದಿಲ್ಲ.

ಈಗ ವಾರ್ಡ್‌ರೋಬು ಗೋಡೆಯಿಂದ ಒಂದು ಗೇಣು ಈಚೆಗೆ, ಒಳಗೋಡೆಯ ಬದಿಯಲ್ಲಿ ನಿಂತಿದೆ. ಬಟ್ಟೆಯನ್ನು ಕೋಣೆಯಲ್ಲಿ ಒಣಹಾಕುವುದಿಲ್ಲ. ಹಾಸಿಗೆಯ ಹೊದಿಕೆಗಳನ್ನು ವಾರಕ್ಕೊಮ್ಮೆ ಕುದಿಯುವ ಹದದ ನೀರಿನಲ್ಲಿ ಒಗೆಯುತ್ತೇವೆ, ಏಕೆಂದರೆ 60 ಡಿಗ್ರಿಯ ಬಿಸಿಗೆ ಆ ನುಸಿ ಸಾಯುತ್ತದೆ. ಹತ್ತಿ ಹಾಸಿಗೆಯನ್ನು ಬಿಸಿಲು ಬಿದ್ದ ದಿನ ಅಂಗಳಕ್ಕೆ ಹಾಕುತ್ತೇವೆ, ಜುಲೈಯಲ್ಲಿ ಅದು ಹೆಸರಿಗಷ್ಟೇ. ಟ್ರಂಕಿನಲ್ಲಿ ನ್ಯಾಫ್ತಲಿನ್ನಿನ ನುಸಿಗುಳಿಗೆ ಹಾಕಿ ಸ್ವೆಟರ್ ಇಡುವುದನ್ನೂ ಬಿಟ್ಟೆವು. ಅದರ ಆವಿಯೂ ಮಕ್ಕಳಿಗೆ ಒಳ್ಳೆಯದಲ್ಲ, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಿಗಂತೂ ಕೆಂಪು ರಕ್ತಕಣಗಳೇ ಒಡೆಯಬಹುದು.

ಅಡುಗೆಮನೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಮೊದಲಿನಿಂದಲೂ ಇತ್ತು, ಒಗ್ಗರಣೆಯ ಘಾಟು ಮಾತ್ರ ನಡುಮನೆಗೇ ಬರುತ್ತಿತ್ತು. ಫ್ಯಾನ್ ಗಾಳಿಯನ್ನು ಹೊರಗೆ ತಳ್ಳಬೇಕಾದರೆ ಅಷ್ಟೇ ಗಾಳಿ ಇನ್ನೊಂದು ಕಡೆಯಿಂದ ಒಳಗೆ ಬರಬೇಕು. ಎಲ್ಲವನ್ನೂ ಮುಚ್ಚಿ ಫ್ಯಾನ್ ಹಾಕಿದರೆ ಅದು ಸುಮ್ಮನೆ ತಿರುಗುತ್ತದೆ. ಒಂದು ಹಾಳೆಯ ಚೂರನ್ನು ಫ್ಯಾನಿನ ಜಾಲರಿಗೆ ಹಿಡಿದು ನೋಡಿ. ಹಾಳೆ ಬಿದ್ದುಹೋದರೆ ಎದುರು ಗೋಡೆಯ ಕಿಟಕಿಯನ್ನು ನಾಲ್ಕು ಬೆರಳು ಸರಿಸಿ ಮತ್ತೆ ಹಿಡಿಯಿರಿ, ಅಂಟಿಕೊಳ್ಳುತ್ತದೆ. ಗ್ಯಾಸ್ ಒಲೆಯ ನೀಲಿ ಉರಿಗೆ ಮಸಿಯಿಲ್ಲದಿದ್ದರೂ ಅದರಿಂದ ನೈಟ್ರೋಜನ್ ಡೈಆಕ್ಸೈಡ್ ಬರುತ್ತದೆ, ಅದು ಅಸ್ತಮಾ ಇರುವ ಮಕ್ಕಳ ಶ್ವಾಸನಾಳವನ್ನು ಕೆರಳಿಸುತ್ತದೆ. ಮಗಳು ಹೋಂವರ್ಕ್ ಮಾಡುತ್ತಿದ್ದ ಜಾಗವೇ ಅಡುಗೆಮನೆಯ ಕಟ್ಟೆಯಾಗಿತ್ತು, ಅದನ್ನು ಬದಲಿಸಿದೆವು.

ಇಷ್ಟನ್ನೆಲ್ಲ ಓದಿ ಔಷಧಿ ಬೇಡವೆಂದು ಯಾರೂ ತಿಳಿಯಬಾರದು. ವೈದ್ಯರು ಕೊಟ್ಟ ಇನ್‌ಹೇಲರನ್ನು ಸ್ಪೇಸರಿನ, ಅಂದರೆ ಬಾಯಿಗೂ ಇನ್‌ಹೇಲರಿಗೂ ನಡುವೆ ಹಿಡಿಯುವ ಕೊಳವೆಯ, ಮೂಲಕ ಮಗಳು ಇಂದಿಗೂ ತೆಗೆದುಕೊಳ್ಳುತ್ತಾಳೆ. ಇನ್‌ಹೇಲರ್ ಎಂದರೆ ಕೊನೆಯ ಹಂತ, ಅಭ್ಯಾಸವಾಗಿಬಿಡುತ್ತದೆ, ಹೆಣ್ಣುಮಗು ಬೇರೆ, ನಾಳೆ ಯಾರಾದರೂ ಏನಾದರೂ ಅಂದಾರು ಎಂದು ಬಂಧುಗಳು ಹೇಳಿದ ಮಾತುಗಳಿಗೆ ಕಿವಿಗೊಟ್ಟು ಮೊದಲ ಎರಡು ತಿಂಗಳು ನಾವೇ ಅರ್ಧಂಬರ್ಧ ಮಾಡಿದ್ದೆವು. ಅಸ್ತಮಾ ಇಂದು ನಮ್ಮಲ್ಲಿ ಅಪರೂಪದ ಕಾಯಿಲೆಯೇನಲ್ಲ. ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಬೆಂಗಳೂರಿನಲ್ಲಿ ಆಸ್ಪತ್ರೆಗೆ ಬಂದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ, ಅಸ್ತಮಾ 1979ರಲ್ಲಿ 9 ಶೇಕಡ ಇದ್ದದ್ದು 1999ರ ಹೊತ್ತಿಗೆ 29.5 ಶೇಕಡಕ್ಕೆ ಏರಿದ್ದನ್ನು ದಾಖಲಿಸಿದ್ದರು. ಅದು ಬೆಂಗಳೂರಿನ ಮಾತು, ವಾಹನದ ಹೊಗೆಯ ಊರಿನ ಮಾತು ಎಂದು ನಾವು ಇಲ್ಲಿ ನಿಶ್ಚಿಂತೆಯಿಂದ ಕೂತಿರುತ್ತೇವೆ.

ನಮ್ಮ ಮನೆಯಲ್ಲಿ ಗೋಡೆ ಕೆರೆಸಲು ದುಡ್ಡಿತ್ತು. ಕೆಲಸದ ಮೇಲೆ ತೋಟಗಳ ಕಾರ್ಮಿಕರಿರುವ ಲೈನ್ ಮನೆಗಳಿಗೆ ಹೋಗುತ್ತಿರುತ್ತೇನೆ. ಕೆಲವು ಕಡೆ ಇನ್ನೂ ಒಂದೇ ಕೋಣೆಯಲ್ಲಿ ಒಲೆ, ಹಾಸಿಗೆ, ಶಾಲೆಯ ಚೀಲ ಮೂರೂ ಇರುತ್ತವೆ. ಉಜ್ವಲಾ ಯೋಜನೆ 2016ರಲ್ಲಿ ಬಂದ ಮೇಲೆ ಸಿಲಿಂಡರ್ ಮೂಲೆಯಲ್ಲಿದೆ, ಆದರೆ ಅದು ನೆಂಟರು ಬಂದಾಗಿನ ಚಹಾಕ್ಕೆ. ತೋಟದಲ್ಲಿ ಸವರಿ ಹಾಕಿದ ಕೊಂಬೆ ಪುಕ್ಕಟೆ ಸಿಗುವಾಗ ಮರುಪೂರಣಕ್ಕೆ ಯಾರು ಹಣ ಕೊಟ್ಟಾರು? ಮಳೆಗಾಲದಲ್ಲಿ ಆ ಸೌದೆ ಹಸಿ, ಉರಿಗಿಂತ ಹೊಗೆಯೇ ಹೆಚ್ಚು. ಅಲ್ಲಿಯ ಮಕ್ಕಳೂ ನನ್ನ ಮಗಳ ಶಾಲೆಗೇ ಬರುತ್ತಾರೆ, ತರಗತಿಯಲ್ಲಿ ಅವರೂ ತೂಕಡಿಸುತ್ತಾರೆ. ಹೊಸ ಲೈನ್ ಕಟ್ಟುವಾಗ ಅಡುಗೆಗೆ ಬೇರೆ ಗೋಡೆ, ಒಲೆಗೆ ಮಾಡು ದಾಟುವ ಹೊಗೆಕೊಳವೆ ಹಾಕೋಣ ಎಂದು ಮಾಲೀಕರಿಗೆ ಹೇಳುತ್ತೇನೆ. ಚದರಕ್ಕೆ ಎಷ್ಟು ಹೆಚ್ಚಾಗುತ್ತದೆ ಎಂದು ಕೇಳುತ್ತಾರೆ. ಕೆಲವರು ಒಪ್ಪಿದ್ದಾರೆ.

ಕಳೆದ ಮಳೆಗಾಲದಲ್ಲಿ ಮಗಳು ರಾತ್ರಿ ಎದ್ದು ಕೂತದ್ದು ನಾಲ್ಕು ಸಲ. ಹೆಂಡತಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾಳೆ. ಅದರ ಹಿಂದಿನ ವರ್ಷದ ಲೆಕ್ಕ ನಾವು ಇಟ್ಟಿರಲಿಲ್ಲ, ಇಡುವಂತೆಯೂ ಇರಲಿಲ್ಲ. ಔಷಧಿಯಿಂದ ಎಷ್ಟು, ಗೋಡೆಯಿಂದ ಎಷ್ಟು, ಧೂಪ ಜಗಲಿಗೆ ಹೋದದ್ದರಿಂದ ಎಷ್ಟು ಎಂದು ಬಿಡಿಸಿ ಹೇಳಲು ನನಗೆ ಬಾರದು. ಬಚ್ಚಲೊಲೆ ಇನ್ನೂ ಉಳಿದಿದೆ. ಹಂಡೆಯ ಬಿಸಿನೀರನ್ನು ಅಮ್ಮ ಬಿಡುವುದಿಲ್ಲ, ನಿಜ ಹೇಳಬೇಕೆಂದರೆ ನಾನೂ ಬಿಡುವುದಿಲ್ಲ. ಒಲೆಯ ಬಾಯಿಯನ್ನು ಹಿತ್ತಲಿನ ಕಡೆಗೆ ತಿರುಗಿಸಿ, ಮಾಡಿನಿಂದ ಮೂರಡಿ ಮೇಲಕ್ಕೆ ತಗಡಿನ ಕೊಳವೆ ನಿಲ್ಲಿಸಬೇಕು. ಆರಿದ್ರ ಹಿಡಿಯುವುದರೊಳಗೆ ಮುಗಿಯಬೇಕಾದ ಕೆಲಸ. ತಗಡಿನವನು ಎರಡು ವಾರದಿಂದ ನಾಳೆ ಬರುತ್ತೇನೆ ಎನ್ನುತ್ತಿದ್ದಾನೆ.